ಮುಪ್ಪಿಗೊಂದು ಪರದೇಶ

ಹುಟ್ಟಿದ ನೆಲ ಬಿಟ್ಟು ಬೇರೆ ಕಡೆ ಬಾಳುವವರಿಗೆ ನಮ್ಮ ಭಾಷೆಗಳಲ್ಲಿ ಹೆಸರುಗಳಿಗೆ ಬರವಿಲ್ಲ. ಮಳೆ ಕೈಕೊಟ್ಟ ವರ್ಷ ರಾಯಚೂರು, ಯಾದಗಿರಿ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಹೊರಟವರು ಗುಳೆ ಹೋದವರು. ಉರ್ದುವಿನಲ್ಲಿ ಪರ್ದೇಸಿ ಇದ್ದಾನೆ, ಮುಸಾಫಿರ್ ಇದ್ದಾನೆ, ಮುಹಾಜಿರ್ ಇದ್ದಾನೆ. ಭಟ್ಕಳ, ಉಡುಪಿ, ಮಂಗಳೂರಿನ ಮನೆಗಳಲ್ಲಿ ‘ಗಲ್ಫಿನಲ್ಲಿದ್ದಾರೆ’ ಎಂದರೆ ಸಾಕು, ಉಳಿದದ್ದು ಕೇಳುವವರಿಗೆ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲೂ ಇಮಿಗ್ರಂಟ್, ರೆಫ್ಯೂಜಿ ಎಂಬ ಪದಗಳಿವೆ. ಇವುಗಳ ಸಾಲಿನಲ್ಲಿ ಸ್ವಲ್ಪ ದೂರ ಸರಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿರುವ ಇನ್ನೊಂದು ಪದವಿದೆ: ಎಕ್ಸ್‌ಪ್ಯಾಟ್. ಅಮೆರಿಕದ ತೋಟದಲ್ಲಿ ಟೊಮೆಟೊ ಕೀಳುವ ಮೆಕ್ಸಿಕೋದವನು ಇಮಿಗ್ರಂಟ್. ಮೆಕ್ಸಿಕೋದಲ್ಲಿ ಮನೆ ಕೊಂಡು ಅಂಗಳದಲ್ಲಿ ಕಾಫಿ ಕುಡಿಯುವ ಅಮೆರಿಕದವನು ಎಕ್ಸ್‌ಪ್ಯಾಟ್. ದಾಟಿದ ಗಡಿ ಒಂದೇ, ದಾಟಿದ ದಿಕ್ಕು ಮಾತ್ರ ಬೇರೆ.

ಈ ಎರಡನೆಯವನು ಬರೆದ ಪುಸ್ತಕಗಳ ಒಂದು ದೊಡ್ಡ ರಾಶಿಯೇ ಇಂಗ್ಲಿಷಿನಲ್ಲಿದೆ. ನಿವೃತ್ತಿಯ ಹೊತ್ತಿಗೆ, ಅಥವಾ ನಿವೃತ್ತಿ ಕಣ್ಣಿಗೆ ಕಾಣಿಸತೊಡಗಿದ ಹೊತ್ತಿಗೆ, ಊರು ಬಿಟ್ಟು ಮೆಕ್ಸಿಕೋ, ಪನಾಮ, ಈಕ್ವೆಡಾರ್, ಪೋರ್ಚುಗಲ್ ಮುಂತಾದ ಕಡೆ ನೆಲೆಸಿದವರ ಅನುಭವ ಕಥನಗಳು ಇವು. ಪುಸ್ತಕದ ಅಂಗಡಿಯವರು ಇವುಗಳನ್ನು ಪ್ರವಾಸ ಸಾಹಿತ್ಯದ ಕಪಾಟಿನಲ್ಲಿ ಇಡುತ್ತಾರೆ. ಆದರೆ ಪ್ರವಾಸಿ ಹಿಂದಿರುಗುತ್ತಾನೆ, ಇವರು ಹಿಂದಿರುಗುವುದಿಲ್ಲ. ಹಾಗಾಗಿ ಇವುಗಳಿಗೆ ಕೇಳಬೇಕಾದ ಪ್ರಶ್ನೆಗಳೂ ಬೇರೆ. ಬಂದವನು ನೆರೆಯವನಾದನೇ? ಅಥವಾ ಕೊನೆಯವರೆಗೂ ಗಿರಾಕಿಯಾಗಿಯೇ ಉಳಿದನೇ?

ಈ ಬಗೆಯ ಬರವಣಿಗೆಗೆ ಒಂದು ಅಚ್ಚು ಸಿದ್ಧವಾದದ್ದು ಯುರೋಪಿನಲ್ಲಿ. ಬ್ರಿಟನ್ನಿನ ಪೀಟರ್ ಮೇಲ್ 1989ರಲ್ಲಿ ಫ್ರಾನ್ಸಿನ ಪ್ರೊವಾನ್ಸ್ ಬಗ್ಗೆ ಬರೆದರು. ಅಮೆರಿಕದ ಫ್ರಾನ್ಸೆಸ್ ಮೇಯ್ಸ್ 1996ರಲ್ಲಿ ಇಟಲಿಯ ಟಸ್ಕನಿಯ ಬಗ್ಗೆ ಬರೆದರು. ಎರಡೂ ಲಕ್ಷಗಟ್ಟಲೆ ಮಾರಾಟವಾದವು. ಹಳೆಯದೊಂದು ಮನೆ, ಅದರ ದುರಸ್ತಿ, ಮಾತಿಗೊಮ್ಮೆ ನಾಳೆ ಎನ್ನುವ ಗಾರೆಯವರು, ಸಂತೆಯ ತರಕಾರಿ, ನಡುವೆ ಒಂದಿಷ್ಟು ಅಡುಗೆ. ಮನೆ ಸಿದ್ಧವಾಗುವಾಗ ಮನೆಯೊಡೆಯರ ಮನಸ್ಸೂ ದುರಸ್ತಿಯಾಗಿರುತ್ತದೆ. ಇದೇ ಅಚ್ಚಿನಲ್ಲಿ ಮೆಕ್ಸಿಕೋದ ಬಗ್ಗೆ ಬಂದ ಪುಸ್ತಕಗಳಲ್ಲಿ ಹೆಚ್ಚು ಓದಿಸಿಕೊಂಡದ್ದು ಟೋನಿ ಕೋಹನ್ ಅವರ ‘ಆನ್ ಮೆಕ್ಸಿಕನ್ ಟೈಮ್’. ಇದು 2000ದಲ್ಲಿ ಪ್ರಕಟವಾಯಿತು. ಲಾಸ್ ಏಂಜಲೀಸಿನ ಧಾವಂತಕ್ಕೆ ಬೇಸತ್ತ ಲೇಖಕ ಮತ್ತು ಅವರ ಕಲಾವಿದೆ ಪತ್ನಿ 1985ರಲ್ಲಿ ಸಾನ್ ಮಿಗೆಲ್ ದೆ ಅಯೆಂದೆ ಎಂಬ ಬೆಟ್ಟದೂರಿಗೆ ಬರುತ್ತಾರೆ. ಮುಂದೆ ಅಲ್ಲಿಯೇ ಹಳೆಯ ಮನೆಯೊಂದನ್ನು ಕೊಳ್ಳುತ್ತಾರೆ. ಕೋಹನ್ ನಿವೃತ್ತರಲ್ಲ, ನಡುವಯಸ್ಸಿನವರು. ಆದರೂ ಆ ಊರಿಗೆ ಮುಂದೆ ಹೋದ ಎಷ್ಟೋ ನಿವೃತ್ತರ ಕೈಯಲ್ಲಿ ಈ ಪುಸ್ತಕವಿತ್ತು.

ಅವರ ಗದ್ಯದ ಗುಣವನ್ನು ಒಪ್ಪಿಕೊಳ್ಳಲೇಬೇಕು. ಗಡಿಯಾರದ ಹಿಡಿತ ಸಡಿಲವಾದಾಗ ಬೆಳಕು, ಸದ್ದು, ವಾಸನೆಗಳು ಹೇಗೆ ಮರಳಿ ಬರುತ್ತವೆ ಎಂಬುದನ್ನು ಕೋಹನ್ ಚೆನ್ನಾಗಿ ಹಿಡಿದಿದ್ದಾರೆ. ಮೂವತ್ತು ವರ್ಷ ಕಚೇರಿಯ ಗಂಟೆಗೆ ಓಡಿದ ಯಾರಿಗಾದರೂ ಆ ಪುಟಗಳು ತಾಗುತ್ತವೆ. ತೊಡಕಿರುವುದು ಆ ‘ಮೆಕ್ಸಿಕೋದ ಸಮಯ’ ಎಂಬ ಕಲ್ಪನೆಯಲ್ಲೇ. ಬಿಡುವಾಗಿ ಹರಿಯುವ ಆ ಸಮಯ ಯಾರದು? ಹಾಸು ಹೆಂಚು ಹೊತ್ತು ತರುವವನಿಗೆ, ಬೆಳಗ್ಗೆ ಬಂದು ಅಂಗಳ ತೊಳೆಯುವವಳಿಗೆ ಅದೇ ಸಮಯ ದಿನಗೂಲಿಯ ಲೆಕ್ಕದಲ್ಲಿ ಹರಿಯುತ್ತಿರುತ್ತದೆ. ಕೊಂಡವರ ಬಿಡುವನ್ನು ಇಡೀ ದೇಶದ ಸ್ವಭಾವವೆಂದು ಓದಿಕೊಳ್ಳುವುದು ಈ ಪ್ರಕಾರದ ಎಲ್ಲ ಪುಸ್ತಕಗಳೂ ಮಾಡುವ ಕೆಲಸ.

ಸಾನ್ ಮಿಗೆಲ್‌ಗೆ ಅಮೆರಿಕನ್ನರು ಬರತೊಡಗಿದ್ದು ಕೋಹನ್‌ಗಿಂತ ಬಹಳ ಮೊದಲು. ಶಿಕಾಗೋದ ಸ್ಟರ್ಲಿಂಗ್ ಡಿಕಿನ್‌ಸನ್ ಎಂಬ ಕಲಾವಿದ 1937ರಲ್ಲಿ ಅಲ್ಲಿಗೆ ಬಂದ. ಮರುವರ್ಷ ಆರಂಭವಾದ ಕಲಾಶಾಲೆಯ ಕೆಲಸದಲ್ಲಿ ತೊಡಗಿಕೊಂಡ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಓದಿಗೆ ಅಮೆರಿಕ ಸರ್ಕಾರ 1944ರ ಕಾನೂನಿನಡಿ ಹಣ ಕೊಡುತ್ತಿತ್ತು. ಆ ಹಣ ಸಾನ್ ಮಿಗೆಲ್‌ನಲ್ಲಿ ಇಮ್ಮಡಿ, ಮುಮ್ಮಡಿಯಾಗಿ ನಡೆಯುತ್ತದೆಂದು ತಿಳಿದಾಗ ಯುವಕರು ಗುಂಪುಗುಂಪಾಗಿ ಬಂದರು. ‘ಲೈಫ್’ ಪತ್ರಿಕೆ 1948ರಲ್ಲಿ ಇದನ್ನು ಚಿತ್ರಗಳ ಸಮೇತ ಪ್ರಕಟಿಸಿತು. ಅಂದರೆ ಕಲೆಯೂ ಅಗ್ಗವೂ ಆ ಊರಿಗೆ ಒಂದೇ ಬಸ್ಸಿನಲ್ಲಿ ಬಂದಿಳಿದವು. ಡಿಕಿನ್‌ಸನ್ ಮಾತ್ರ ಬೇರೆಯದೇ ಮನುಷ್ಯ. ಊರಿನ ಹುಡುಗರೊಂದಿಗೆ ಬೇಸ್‌ಬಾಲ್ ಆಡಿದ, ಆರ್ಕಿಡ್ ಬೆಳೆಸಿದ, 1998ರಲ್ಲಿ ಅಲ್ಲಿಯೇ ತೀರಿಕೊಂಡ. ಅರವತ್ತೊಂದು ವರ್ಷದ ಬಾಳು. 2008ರಲ್ಲಿ ಯುನೆಸ್ಕೋ ಆ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಊರಿನಲ್ಲಿ ಮನೆಯ ಬೆಲೆ ಏನಾಗುತ್ತದೆಂದು ಹಂಪಿಯ ಬಜಾರಿನಲ್ಲಿ ಒಕ್ಕಲೆದ್ದವರನ್ನು ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ.

ಈ ಅಗ್ಗದ ಮಾತನ್ನು ಸಾಹಿತ್ಯ ಕೃತಿಗಳು ಸಂಕೋಚದಿಂದ ಹೇಳುತ್ತವೆ, ಕೈಪಿಡಿಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ. 1980ರ ದಶಕದಿಂದ ಆವೃತ್ತಿಯ ಮೇಲೆ ಆವೃತ್ತಿ ಕಂಡ ‘ಚೂಸ್ ಮೆಕ್ಸಿಕೋ’ ಎಂಬ ಕೈಪಿಡಿಯ ಒಂದು ಮುದ್ರಣದ ಮುಖಪುಟದಲ್ಲೇ ತಿಂಗಳಿಗೆ 600 ಡಾಲರಿನಲ್ಲಿ ಚೆನ್ನಾಗಿ ಬಾಳಬಹುದೆಂಬ ಭರವಸೆಯಿತ್ತು. ‘ಇಂಟರ್‌ನ್ಯಾಷನಲ್ ಲಿವಿಂಗ್’ ಪತ್ರಿಕೆ ಪ್ರತಿವರ್ಷ ನಿವೃತ್ತರಿಗೆ ಯಾವ ದೇಶ ಒಳ್ಳೆಯದೆಂದು ಅಂಕ ಕೊಟ್ಟು ಪಟ್ಟಿ ಮಾಡುತ್ತದೆ. ತಿಂಗಳಿಗೆ 1,000 ಡಾಲರ್ ಪಿಂಚಣಿ ಇರುವವರಿಗೆ ಪನಾಮ ನೆಲೆಸುವ ಪರವಾನಗಿಯ ಜೊತೆಗೆ ಬಸ್ಸು, ಆಸ್ಪತ್ರೆ, ಹೋಟೆಲುಗಳಲ್ಲಿ ರಿಯಾಯಿತಿಯನ್ನೂ ಕೊಡುತ್ತದೆ. ಈ ಕೈಪಿಡಿಗಳನ್ನು ಸಾಹಿತ್ಯವೆಂದು ಯಾರೂ ಕರೆಯುವುದಿಲ್ಲ. ಆದರೆ ಅನುಭವ ಕಥನಗಳು ಬಣ್ಣ ಬಳಿದು ಮುಚ್ಚುವ ಗೋಡೆಯ ಇಟ್ಟಿಗೆ ಇವುಗಳಲ್ಲಿ ಕಾಣಿಸುತ್ತದೆ. ಅದಕ್ಕಾಗಿ ಎರಡನ್ನೂ ಒಟ್ಟಿಗೆ ಓದಬೇಕು.

ಆ ಇಟ್ಟಿಗೆ ಯಾವುದು? ಈ ಮುದುಕರು ಊರು ಬಿಟ್ಟದ್ದು ಬರೀ ಸಾಹಸಕ್ಕಲ್ಲ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ ವ್ಯವಸ್ಥೆ 1935ರದು. ಅದರಿಂದ 2025ರಲ್ಲಿ ಒಬ್ಬ ನಿವೃತ್ತರಿಗೆ ಸರಾಸರಿ ಬರುತ್ತಿದ್ದದ್ದು ತಿಂಗಳಿಗೆ ಸುಮಾರು 2,000 ಡಾಲರ್. ನಮ್ಮ ಕಿವಿಗೆ ಅದು ದೊಡ್ಡ ಮೊತ್ತ. ಅಲ್ಲಿನ ದೊಡ್ಡ ನಗರಗಳಲ್ಲಿ ಬಾಡಿಗೆ ಕಟ್ಟಿದ ಮೇಲೆ ಉಳಿಯುವುದು ಅಷ್ಟಕ್ಕಷ್ಟೆ. 65 ದಾಟಿದವರಿಗೆಂದು 1965ರಲ್ಲಿ ಬಂದ ಮೆಡಿಕೇರ್ ಆಸ್ಪತ್ರೆಯ ವೆಚ್ಚ ನೋಡಿಕೊಳ್ಳುತ್ತದೆ ನಿಜ. ಆದರೆ ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಆರೈಕೆ ಗೃಹದ ವೆಚ್ಚವನ್ನು ಅದು ಕೊಡುವುದಿಲ್ಲ. ಮಗ್ಗುಲು ಬದಲಿಸಲು ಒಬ್ಬರ ಕೈ ಬೇಕಾದ ದಿನ ಜೀವಮಾನದ ಉಳಿತಾಯ ಕರಗುತ್ತದೆ. ಈ ಭಯವೇ ಎಷ್ಟೋ ಜನರನ್ನು ಗಡಿ ದಾಟಿಸಿತು. ಗಡಿ ದಾಟಿದ ಮೇಲೆ ಮೆಡಿಕೇರ್ ಸಾಮಾನ್ಯವಾಗಿ ಒಂದು ಕಾಸೂ ಕೊಡುವುದಿಲ್ಲ. ಹಾಗಾಗಿ ಮನೆಗೆಲಸದವಳ ಕೈಯನ್ನು ಅಗ್ಗಕ್ಕೆ ಪಡೆಯಲು ಹೋದವರು ಹೃದಯದ ಶಸ್ತ್ರಚಿಕಿತ್ಸೆಗೆ ವಿಮಾನ ಹತ್ತಿ ಹಿಂದಿರುಗುತ್ತಾರೆ.

ಜಗತ್ತಿನ ಅತ್ಯಂತ ಶ್ರೀಮಂತ ದೇಶ ತನ್ನ ಮುದುಕರನ್ನು ತನ್ನಲ್ಲೇ ಇಟ್ಟುಕೊಳ್ಳಲಾರದೆ ಬಡ ದೇಶಗಳ ಮಡಿಲಿಗೆ ಹಾಕುತ್ತಿದೆ ಎಂಬುದು ಈ ಪುಸ್ತಕಗಳ ನಿಜವಾದ ಕತೆ. ಆದರೆ ಅವು ಅದನ್ನು ಆಯ್ಕೆಯ, ಧೈರ್ಯದ, ಹೊಸ ಬಾಳಿನ ಕತೆಯಾಗಿ ಹೇಳುತ್ತವೆ. ದುಡಿದು ದಣಿದವರು ‘ನನಗೆ ನನ್ನ ದೇಶದಲ್ಲಿ ಮುದುಕನಾಗುವ ಶಕ್ತಿಯಿಲ್ಲ’ ಎಂದು ಬರೆಯಲಾರರು. ಆ ನಾಚಿಕೆಯನ್ನು ನಾವು ಗೌರವಿಸಬಹುದು. ಸಾಹಿತ್ಯ ಮಾತ್ರ ಆ ನಾಚಿಕೆಯ ಹಿಂದೆ ಹೋಗಬೇಕಿತ್ತು.

ಸ್ವಲ್ಪ ಹತ್ತಿರ ಹೋದದ್ದು ಒಬ್ಬ ಮಹಿಳೆ. ಕ್ಯಾರನ್ ಬ್ಲೂ ಅವರ ‘ಮಿಡ್‌ಲೈಫ್ ಮ್ಯಾವರಿಕ್ಸ್’ ಕೂಡ 2000ದಲ್ಲೇ ಬಂದ ಪುಸ್ತಕ. ಮೆಕ್ಸಿಕೋದ ಚಪಾಲಾ ಸರೋವರದ ದಂಡೆಗೆ ಬಂದು ನೆಲೆಸಿದ ಹಲವು ಅಮೆರಿಕನ್ ಹೆಂಗಸರ ಕತೆಗಳು ಅದರಲ್ಲಿವೆ. ಕಲಾತ್ಮಕವಾಗಿ ಕೋಹನ್‌ರ ಪುಸ್ತಕಕ್ಕಿಂತ ಸಾದಾ. ಆದರೂ ನನಗೆ ಇದೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಮಕ್ಕಳನ್ನು ಸಾಕಿದ, ಮನೆಯ ಹಿರಿಯರನ್ನು ನೋಡಿಕೊಂಡ ವರ್ಷಗಳಿಗೆ ಅಮೆರಿಕದ ಪಿಂಚಣಿ ಲೆಕ್ಕದಲ್ಲಿ ಜಾಗವಿಲ್ಲ. ಸಂಬಳವೂ ಗಂಡಸಿಗಿಂತ ಕಡಿಮೆ. ಹಾಗಾಗಿ ಹೆಣ್ಣಿನ ಮುಪ್ಪು ಅಲ್ಲಿಯೂ ಹೆಚ್ಚು ಬಡವಾದದ್ದು. ಒಂಟಿಯಾಗಿ, ಯಾರ ಅಪ್ಪಣೆಗೂ ಕಾಯದೆ, ಹೊಸ ಊರಿನಲ್ಲಿ ಬಾಗಿಲು ತೆರೆಯುವ ಹೆಂಗಸಿನ ಸಂತೋಷವನ್ನು ಅಣಕಿಸುವ ಹಕ್ಕು ನಮಗಿಲ್ಲ. ಒಂಟಿ ಮುದುಕಿಗೆ ಮನೆ ಬಾಡಿಗೆಗೆ ಕೊಡಲು ಹತ್ತು ಪ್ರಶ್ನೆ ಕೇಳುವ ಊರುಗಳಲ್ಲಿ ಬದುಕುತ್ತಿರುವವರು ನಾವು.

ಆದರೆ ಎರಡೂ ಪುಸ್ತಕಗಳಿಗೆ ಒಂದೇ ಕೊರತೆ. ಉರ್ದುವಿನಲ್ಲಿ ನೆರೆಯವನಿಗೆ ‘ಹಮ್‌ಸಾಯಾ’ ಎನ್ನುತ್ತೇವೆ. ಸಾಯಾ ಎಂದರೆ ನೆರಳು. ಒಂದೇ ನೆರಳಿನಲ್ಲಿ ಇರುವವನು ಹಮ್‌ಸಾಯಾ. ಈ ಪುಸ್ತಕಗಳಲ್ಲಿ ನೆರಳು ಧಾರಾಳವಾಗಿದೆ: ಬೋಗನ್‌ವಿಲ್ಲಾದ ನೆರಳು, ಕಮಾನಿನ ನೆರಳು, ಚರ್ಚಿನ ಗೋಪುರದ ನೆರಳು. ಅದನ್ನು ಹಂಚಿಕೊಳ್ಳುವವನು ಇಲ್ಲ. ಊರಿನವರು ಬರುತ್ತಾರೆ, ಆದರೆ ಕೆಲಸದ ಹೆಸರಿನಲ್ಲಿ ಬರುತ್ತಾರೆ. ಅಡುಗೆಯವಳು, ತೋಟದವನು, ಬಡಗಿ. ಅವರು ಒಳ್ಳೆಯವರು, ನಗುವವರು, ತಡವಾಗಿ ಬರುವವರು. ಅವರಿಗೂ ವಯಸ್ಸಾಗುತ್ತದೆಯೇ? ಅವರ ಪಿಂಚಣಿ ಏನು? ಮನೆಯ ಬೆಲೆ ಏರಿದ ಮೇಲೆ ಅವರು ಯಾವ ಗುಡ್ಡದ ಆಚೆಗೆ ಸರಿದರು? ಒಬ್ಬ ಮುದುಕನ ಬಗ್ಗೆ ಬರೆದ ಪುಸ್ತಕದಲ್ಲಿ ಪಕ್ಕದ ಮನೆಯ ಮುದುಕನೇ ಇಲ್ಲದಿರುವುದು ಬರಹದ ದೋಷ, ಬರೀ ನೈತಿಕ ದೋಷವಲ್ಲ.

ಕಥನಕಾರರು ಕೇಳದ್ದನ್ನು ಸಮಾಜ ವಿಜ್ಞಾನಿಗಳು ಕೇಳಿದ್ದಾರೆ. ಶೀಲಾ ಕ್ರೌಚರ್ ತಮ್ಮ 2009ರ ‘ದಿ ಅದರ್ ಸೈಡ್ ಆಫ್ ದಿ ಫೆನ್ಸ್’ ಪುಸ್ತಕದಲ್ಲಿ ಸಾನ್ ಮಿಗೆಲ್ ಮತ್ತು ಚಪಾಲಾ ದಂಡೆಯ ಅಹಿಹಿಕ್‌ನ ಅಮೆರಿಕನ್ನರನ್ನು ವಲಸಿಗರೆಂದೇ ಕರೆದು ಅಧ್ಯಯನ ಮಾಡಿದರು. ಭಾಷೆ ಕಲಿಯುವುದಿಲ್ಲ, ತಮ್ಮವರ ಜೊತೆಯೇ ಇರುತ್ತಾರೆ, ಮನಸ್ಸೆಲ್ಲ ಬಿಟ್ಟು ಬಂದ ದೇಶದ ರಾಜಕೀಯದಲ್ಲಿ ಎಂದು ಅಮೆರಿಕದಲ್ಲಿ ಮೆಕ್ಸಿಕನ್ನರ ಮೇಲೆ ಹೊರಿಸುವ ದೂರುಗಳು ಇಲ್ಲಿ ಅಮೆರಿಕನ್ನರಿಗೇ ಹೊಂದುತ್ತವೆ. ಮ್ಯಾಥ್ಯೂ ಹೇಯ್ಸ್ ಅವರ ‘ಗ್ರಿಂಗೋಲಾಂಡಿಯಾ’ 2018ರಲ್ಲಿ ಬಂತು. ಅದು ಈಕ್ವೆಡಾರಿನ ಕ್ವೆಂಕಾ ನಗರದ ಬಗ್ಗೆ. ಹೆಚ್ಚು ಸಂಬಳದ ದೇಶದಲ್ಲಿ ಗಳಿಸಿದ್ದನ್ನು ಕಡಿಮೆ ಸಂಬಳದ ದೇಶದಲ್ಲಿ ಖರ್ಚು ಮಾಡಿ ಲಾಭ ಪಡೆಯುವ ವ್ಯವಹಾರವನ್ನು ಅವರು ಅಲ್ಲಿ ಬಿಡಿಸಿ ತೋರಿಸುತ್ತಾರೆ.

ಕ್ವೆಂಕಾದ ಉದಾಹರಣೆ ಒಂದು ಕಾದಂಬರಿಗೆ ಸಾಕಾಗುವಷ್ಟಿದೆ. 1999ರಲ್ಲಿ ಈಕ್ವೆಡಾರಿನ ಬ್ಯಾಂಕುಗಳು ಕುಸಿದವು, ಜನರ ಠೇವಣಿ ಮುಳುಗಿತು. 2000ದಲ್ಲಿ ದೇಶ ತನ್ನ ನಾಣ್ಯವನ್ನೇ ಕೈಬಿಟ್ಟು ಡಾಲರನ್ನು ಒಪ್ಪಿಕೊಂಡಿತು. ಆ ವರ್ಷಗಳಲ್ಲಿ ಲಕ್ಷಗಟ್ಟಲೆ ಜನ ಸ್ಪೇನಿಗೂ ಅಮೆರಿಕಕ್ಕೂ ಹೊರಟರು. ಕ್ವೆಂಕಾ ಇರುವ ಅಸುವಾಯ್ ಪ್ರಾಂತ್ಯದಿಂದ ನ್ಯೂಯಾರ್ಕಿಗೆ ಹೋಗುವ ದಾರಿ ಮೊದಲೇ ಸವೆದಿತ್ತು. ಇತ್ತ, ನಾಣ್ಯ ಬದಲಿಸುವ ತೊಂದರೆಯೂ ಇಲ್ಲದ ಆ ಊರಿಗೆ ಅಮೆರಿಕದ ನಿವೃತ್ತರು ಬರತೊಡಗಿದರು. ಒಬ್ಬ ನ್ಯೂಯಾರ್ಕಿನ ಹೋಟೆಲಿನಲ್ಲಿ ಪಾತ್ರೆ ತೊಳೆದು ಕ್ವೆಂಕಾಗೆ ಡಾಲರ್ ಕಳಿಸುತ್ತಾನೆ. ಇನ್ನೊಬ್ಬ ಕ್ವೆಂಕಾದ ಹೋಟೆಲಿನಲ್ಲಿ ಕೂತು ಅಮೆರಿಕದಿಂದ ಬರುವ ಡಾಲರನ್ನು ಖರ್ಚು ಮಾಡುತ್ತಾನೆ. ಮೊದಲನೆಯವನಿಗೆ ಕಾಗದಪತ್ರವಿಲ್ಲದಿದ್ದರೆ ತಾಯಿ ಸತ್ತರೂ ಊರಿಗೆ ಬರಲಾಗದು, ಬಂದರೆ ಮರಳಿ ಹೋಗಲಾಗದು. ಎರಡನೆಯವನು ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೋಗಿ ಬರುತ್ತಾನೆ. ಇವರಿಬ್ಬರೂ ಒಂದೇ ಪುಟದಲ್ಲಿ ಎದುರಾಗುವ ಪುಸ್ತಕ ನಿವೃತ್ತರ ಈ ರಾಶಿಯಲ್ಲಿ ನನಗೆ ಸಿಕ್ಕಿಲ್ಲ.

ಇಂಥ ಎದುರುಬದುರನ್ನು ಬರೆದವನು ಮೆಕ್ಸಿಕೋದವನೇ. ಅಮೆರಿಕದ ಪತ್ರಕರ್ತ, ಕತೆಗಾರ ಆಂಬ್ರೋಸ್ ಬಿಯರ್ಸ್ 1913ರಲ್ಲಿ, ತನ್ನ 71ನೆಯ ವಯಸ್ಸಿನಲ್ಲಿ, ಕ್ರಾಂತಿಯ ಬೆಂಕಿಯಲ್ಲಿದ್ದ ಮೆಕ್ಸಿಕೋಗೆ ಹೋಗಿ ಕಣ್ಮರೆಯಾದ. ಅವನ ಕೊನೆ ಹೇಗಾಯಿತೆಂದು ಇಂದಿಗೂ ಯಾರಿಗೂ ತಿಳಿದಿಲ್ಲ. ಈ ಎಳೆಯನ್ನು ಹಿಡಿದು ಕಾರ್ಲೋಸ್ ಫ್ವೆಂತೆಸ್ 1985ರಲ್ಲಿ ‘ಗ್ರಿಂಗೋ ವಿಯೆಹೋ’ ಅಂದರೆ ‘ಮುದಿ ಗ್ರಿಂಗೋ’ ಕಾದಂಬರಿ ಬರೆದರು. ಕೋಹನ್ ಸಾನ್ ಮಿಗೆಲ್‌ಗೆ ಬಂದ ವರ್ಷವೂ ಅದೇ ಎಂಬುದು ಕಾಕತಾಳೀಯ. ಇಲ್ಲಿಯೂ ಒಬ್ಬ ಮುದುಕ ಗಡಿ ದಾಟುತ್ತಾನೆ, ಆದರೆ ಅಗ್ಗದ ಬಾಳಿಗಲ್ಲ, ಒಳ್ಳೆಯ ಸಾವಿಗೆ. ಕ್ರಾಂತಿಯ ದಂಡಿನ ನಾಯಕ ತೊಮಾಸ್ ಅರೋಯೊ ಬಳಿ ಹಳೆಯ ಪತ್ರಗಳಿವೆ. ನೆಲ ತಮ್ಮ ಜನರದೆಂದು ಸ್ಪೇನಿನ ದೊರೆ ಬರೆದುಕೊಟ್ಟ ಪತ್ರಗಳು. ಅವನಿಗೆ ಓದಲು ಬರುವುದಿಲ್ಲ, ಆದರೆ ಅವು ತನ್ನ ಜೀವವೆಂದು ನಂಬಿದ್ದಾನೆ. ಮುದುಕ ಆ ಪತ್ರಗಳನ್ನು ಸುಡುತ್ತಾನೆ, ಅರೋಯೊ ಮುದುಕನನ್ನು ಕೊಲ್ಲುತ್ತಾನೆ.

ನೆಲದ ಪತ್ರ ಸುಡುವ ಆ ದೃಶ್ಯದ ಹಿಂದೆ ಒಂದು ಚರಿತ್ರೆಯಿದೆ. 1820ರ ದಶಕದಲ್ಲಿ ಮೆಕ್ಸಿಕೋ ತನ್ನ ಟೆಕ್ಸಾಸ್ ಪ್ರಾಂತ್ಯಕ್ಕೆ ಅಮೆರಿಕದ ವಲಸಿಗರನ್ನು ಕರೆದು ನೆಲ ಕೊಟ್ಟಿತು. ಅವರು ಗುಲಾಮರನ್ನೂ ತಂದರು. ಬಂದವರ ಸಂಖ್ಯೆ ಊರಿನವರನ್ನು ಮೀರಿದಾಗ, 1830ರ ಏಪ್ರಿಲ್‌ನಲ್ಲಿ, ಇನ್ನು ಅಮೆರಿಕನ್ನರು ಬರಕೂಡದೆಂದು ಮೆಕ್ಸಿಕೋ ಕಾನೂನು ಮಾಡಿತು. ಕಾನೂನು ಮುರಿದು ಬಂದರು. 1836ರಲ್ಲಿ ಟೆಕ್ಸಾಸ್ ಕೈಬಿಟ್ಟಿತು. 1846–48ರ ಯುದ್ಧದ ನಂತರ ಮೆಕ್ಸಿಕೋದ ಸುಮಾರು ಅರ್ಧ ನೆಲವೇ ಹೋಯಿತು. 1917ರ ಸಂವಿಧಾನ ಕಡಲ ದಂಡೆಯಿಂದ 50 ಕಿಲೋಮೀಟರ್, ಗಡಿಯಿಂದ 100 ಕಿಲೋಮೀಟರ್ ಒಳಗೆ ವಿದೇಶಿಯರು ನೇರವಾಗಿ ನೆಲದ ಒಡೆಯರಾಗಬಾರದೆಂದು ತಡೆದದ್ದು ಈ ನೆನಪಿನಿಂದಲೇ. ಇಂದು ಕಡಲ ದಂಡೆಯ ಮನೆಯನ್ನು ಬ್ಯಾಂಕಿನ ಟ್ರಸ್ಟಿನ ಹೆಸರಿನಲ್ಲಿ ಕೊಳ್ಳುವ ದಾರಿಯಿದೆ. ಕೈಪಿಡಿಗಳು ಆ ದಾರಿಯನ್ನು ವಿವರವಾಗಿ ಹೇಳಿಕೊಡುತ್ತವೆ, ತಡೆ ಯಾಕೆ ಬಂತೆಂಬುದಕ್ಕೆ ಒಂದು ಸಾಲಿನ ಜಾಗ ಕೊಡುವುದೂ ಅಪರೂಪ.

ಮುಪ್ಪಿನಲ್ಲಿ ದೇಶ ಬಿಟ್ಟ ಇನ್ನೊಬ್ಬ ಅಮೆರಿಕನ್ನನನ್ನು ಇಲ್ಲಿ ನೆನೆಯಬೇಕು. ಕರಿಯರ ಚಿಂತಕ ಡಬ್ಲ್ಯು. ಇ. ಬಿ. ಡುಬೊಯ್ಸ್ 1961ರಲ್ಲಿ, 93ನೆಯ ವಯಸ್ಸಿನಲ್ಲಿ, ಎನ್‌ಕ್ರೂಮಾ ಅವರ ಕರೆಯ ಮೇರೆಗೆ ಘಾನಾಕ್ಕೆ ಹೋದರು. ಆಫ್ರಿಕಾದ ವಿಶ್ವಕೋಶವನ್ನು ಸಿದ್ಧಪಡಿಸುವ ಕೆಲಸಕ್ಕೆಂದು ಹೋದರು. ಅಮೆರಿಕ ಅವರ ಪಾಸ್‌ಪೋರ್ಟನ್ನು ನವೀಕರಿಸಲಿಲ್ಲ, ಅವರು ಘಾನಾದ ಪ್ರಜೆಯಾದರು. 1963ರ ಆಗಸ್ಟ್ 27ರಂದು ಅಕ್ರಾದಲ್ಲಿ ತೀರಿಕೊಂಡರು. ಮರುದಿನ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ಆ ಮಹಾ ಮೆರವಣಿಗೆ ನಡೆಯಿತು. ಎಲ್ಲ ಮುದುಕರೂ ಡುಬೊಯ್ಸ್ ಆಗಬೇಕಿಲ್ಲ. ಹೋದ ನೆಲಕ್ಕೆ ಏನನ್ನು ಒಯ್ದೆ ಎಂಬ ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ.

ಈ ಸರಕಿನ ಅಂಗಡಿ ನಮ್ಮ ಬೀದಿಗೂ ಬಂದಿತ್ತು. ಡೆಬೊರಾ ಮೊಗಾಕ್ ಅವರ 2004ರ ಕಾದಂಬರಿ ‘ದೀಸ್ ಫೂಲಿಶ್ ಥಿಂಗ್ಸ್’ ಬ್ರಿಟನ್ನಿನ ಮುದುಕರನ್ನು ಬೆಂಗಳೂರಿನ ಹೋಟೆಲೊಂದಕ್ಕೆ ಕಳಿಸುತ್ತದೆ. ಅದನ್ನಾಧರಿಸಿದ 2011ರ ಮಾರಿಗೋಲ್ಡ್ ಹೋಟೆಲ್ ಸಿನಿಮಾ ಕತೆಯನ್ನು ರಾಜಸ್ಥಾನಕ್ಕೆ ಸಾಗಿಸಿತು. ತೆರೆಯ ಮೇಲೆ ಅರಮನೆ, ಆನೆ, ಬಣ್ಣ ಬೇಕಿತ್ತು. ಕಾಲ್ ಸೆಂಟರಿನ ಬೆಂಗಳೂರಿಗಿಂತ ಅದು ಚೆಂದ ಕಾಣುತ್ತದೆ. ಹಿನ್ನೆಲೆ ಬದಲಾದರೂ ಕತೆಗೆ ಏನೂ ಆಗಲಿಲ್ಲವೆಂದರೆ ಆ ಊರು ಕತೆಯೊಳಗೆ ಎಷ್ಟಿತ್ತು ಎಂದು ಕೇಳಬೇಕಾಗುತ್ತದೆ.

ಈಗ ಊರಿನವರೂ ಮಾತಾಡತೊಡಗಿದ್ದಾರೆ. 2025ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಮೆಕ್ಸಿಕೋ ನಗರದ ಕೊಂದೇಸಾ, ರೋಮಾ ಬಡಾವಣೆಗಳಲ್ಲಿ ಜನ ಬೀದಿಗಿಳಿದರು. ಅವರ ಸಿಟ್ಟು ನಿವೃತ್ತರಿಗಿಂತ ಹೆಚ್ಚಾಗಿ ಲ್ಯಾಪ್‌ಟಾಪ್ ಹಿಡಿದು ಬಂದ ಯುವಕರ ಮೇಲೆ ಮತ್ತು ಅವರಿಂದ ಏರಿದ ಬಾಡಿಗೆಯ ಮೇಲೆ ಇತ್ತು. ಕೆಲವು ಅಂಗಡಿಗಳ ಗಾಜು ಒಡೆಯಿತು. ‘ಗ್ರಿಂಗೋಗಳೇ ಹೊರಡಿ’ ಎಂಬ ಕೂಗೂ ಕೇಳಿತು. ಆ ಕೂಗನ್ನು ನಾನು ಒಪ್ಪಲಾರೆ. ‘ನಿಮ್ಮ ದೇಶಕ್ಕೆ ಹೋಗಿ’ ಎಂಬ ಮಾತನ್ನು ಹುಟ್ಟಿದ ನೆಲದಲ್ಲೇ ಕೇಳಿಸಿಕೊಂಡ ಸಮುದಾಯದವನಿಗೆ ಅದರ ರುಚಿ ಗೊತ್ತು. ಬಾಡಿಗೆಯ ಪ್ರಶ್ನೆಯನ್ನು ಬಾಡಿಗೆಯ ಪ್ರಶ್ನೆಯಾಗಿಯೇ ಬಿಡಿಸಬೇಕು. ಒಬ್ಬ ಮುದುಕನನ್ನು ಓಡಿಸಿದರೆ ಅವನನ್ನು ಓಡಿಸಿದ ವ್ಯವಸ್ಥೆಗೆ ಎರಡನೆಯ ಸಲ ಗೆಲುವು.

ಮೆಕ್ಸಿಕೋದ 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಹುಟ್ಟಿ ಅಲ್ಲಿ ಬಾಳುತ್ತಿದ್ದವರು ಸುಮಾರು 8 ಲಕ್ಷ. ಅವರಲ್ಲಿ ಬಹುಪಾಲು ನೀಲಿ ಬಾಗಿಲ ಮನೆಯ ನಿವೃತ್ತರಲ್ಲ. ಅಮೆರಿಕದಿಂದ ಮರಳಿದ, ಇಲ್ಲವೆ ಹೊರದೂಡಲ್ಪಟ್ಟ ಮೆಕ್ಸಿಕನ್ನರ ಮಕ್ಕಳು. ಕೈಯಲ್ಲಿ ಅದೇ ಅಮೆರಿಕದ ಪೌರತ್ವ, ಬಾಯಲ್ಲಿ ಅದೇ ಇಂಗ್ಲಿಷ್. ಅವರನ್ನು ಯಾರೂ ಎಕ್ಸ್‌ಪ್ಯಾಟ್ ಎನ್ನುವುದಿಲ್ಲ. ಅವರ ಮೇಲೆ ಯಾವ ಪತ್ರಿಕೆಯೂ ವರ್ಷದ ಪಟ್ಟಿ ಮಾಡುವುದಿಲ್ಲ.

ಉರ್ದು ಕಾವ್ಯದಲ್ಲಿ ಪರದೇಶದ ಸಾವು ಹಳೆಯ ನೋವು. 1862ರಲ್ಲಿ ರಂಗೂನಿನಲ್ಲಿ ಮಣ್ಣಾದ ಬಹಾದುರ್ ಷಾ ಜಫರ್‌ನನ್ನು ನೆನೆದರೆ ಸಾಕು. ಅವನನ್ನು ಹಿಡಿದು ಒಯ್ದಿದ್ದರು. ಈ ನಿವೃತ್ತರು ತಾವಾಗಿ ಹೋದವರು. ಆದರೂ ಕೊನೆಗೆ ಇಬ್ಬರಿಗೂ ಬೇಕಾದದ್ದು ಹೊರಲು ನಾಲ್ಕು ಹೆಗಲು. ಆ ಹೆಗಲುಗಳು ಡಾಲರಿಗೆ ಸಿಗುವುದಿಲ್ಲವೆಂದಲ್ಲ, ಸಿಗುತ್ತವೆ. ಬಾಡಿಗೆಯ ಹೆಗಲೋ ನೆರೆಯವರ ಹೆಗಲೋ ಎಂಬುದನ್ನು ಮಾತ್ರ ಬದುಕಿದ್ದಾಗಲೇ ತೀರ್ಮಾನಿಸಿಕೊಳ್ಳಬೇಕು. ಮನೆಯ ದುರಸ್ತಿ ಮುಗಿದಲ್ಲಿಗೆ ನಿಲ್ಲುವ ಪುಸ್ತಕಗಳು ಸಾಕಷ್ಟು ಬಂದಿವೆ. ಆ ಮನೆಯಲ್ಲಿ ಒಬ್ಬ ಮುದುಕ ಹಾಸಿಗೆ ಹಿಡಿದ ದಿನದಿಂದ ಶುರುವಾಗುವ, ಅವನ ಮಗ್ಗುಲು ಬದಲಿಸುವ ಹೆಂಗಸಿಗೂ ಹೆಸರು, ಸಿಟ್ಟು, ಮುಪ್ಪು ಇರುವ ಪುಸ್ತಕ ಇನ್ನೂ ಬರಬೇಕಾಗಿದೆ. ಅದನ್ನು ಅವನೇ ಬರೆಯಬೇಕೆಂದಿಲ್ಲ, ಅವಳೂ ಬರೆಯಬಹುದು.